ಫೈಬರ್ ವಿಷಯ ಆಮೇಲೆ, ಮೊದಲು ಕೇಬಲ್ ಕಿತ್ತು ನೋಡಿ

ನಾಲ್ಕು ಬ್ಯಾಟರಿ ಇನ್ವರ್ಟರ್, ಒಂದು ಡೀಸೆಲ್ ಜನರೇಟರ್, ಎಲ್ಲಕ್ಕೂ ಸೇರಿ ಒಂದೇ ಕಂಟ್ರೋಲರ್. ಇವೆಲ್ಲ ಒಂದರ ಜೊತೆ ಒಂದು ಮಾತಾಡಿ ಲೋಡ್ ಹಂಚಿಕೊಳ್ಳಲು ಫೈಬರ್ ಬೇಕಾ, 4ಜಿ ಸಾಕಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ತಿರುಗಿದವನು.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಅಲ್ಲಿ 50 ಕಿಲೋವ್ಯಾಟಿನ ಎರಡು ಇನ್ವರ್ಟರ್ ಕೂರಿಸಿ, ಎರಡಕ್ಕೂ ಡ್ರೂಪ್ ಅನ್ನುವ ಸೆಟ್ಟಿಂಗ್ ಕೊಟ್ಟಿದ್ದೆ. ಕರೆಂಟಿನ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಆವರ್ತ ಅನ್ನುವುದು) ಲೋಡ್ ಇಲ್ಲದಾಗ 50 ಹರ್ಟ್ಸ್, ಫುಲ್ ಲೋಡಿಗೆ 49. ಲೋಡ್ ಏರಿದ ಹಾಗೆ ಫ್ರೀಕ್ವೆನ್ಸಿ ಇಳಿಯುತ್ತದೆ, ಅದರಲ್ಲೇ ಎರಡೂ ಸಮ ಹಂಚಿಕೊಳ್ಳುತ್ತವೆ. ಶರಾವತಿಯ ಟರ್ಬೈನಿನ ವೇಗ ಹಿಡಿತದಲ್ಲಿಡುವ ಗವರ್ನರ್ ಮಾಡುವುದೂ ಇದೇ ಕೆಲಸ, ಪಕ್ಕದ ಸ್ಟೇಷನ್‌ಗೆ ಫೋನ್ ಮಾಡಿ ಕೇಳುವುದಿಲ್ಲ.

ರಾತ್ರಿ ಲೋಡ್ 12 ಕಿಲೋವ್ಯಾಟ್, ತಲಾ 6. ಡಿಸ್ಪ್ಲೇಯಲ್ಲಿ 49.88. ಅದರಿಂದ ಯಾವ ಬಲ್ಬಿಗೂ ಏನೂ ಆಗುವುದಿಲ್ಲ. ನನಗೆ ಮಾತ್ರ ಕಣ್ಣಿಗೆ ಚುಚ್ಚಿತು. ಎರಡರಲ್ಲೂ ಫ್ರೀಕ್ವೆನ್ಸಿಯನ್ನು 50ಕ್ಕೆ ತರುವ ಸೆಟ್ಟಿಂಗ್ ಆನ್ ಮಾಡಿದೆ. 50.00 ಬಂತು. ಖುಷಿಯಾಗಿ ಮಲಗಿದೆ.

ತಪ್ಪು ಅಲ್ಲೇ ಆಗಿದ್ದು. ಎರಡು ಮೀಟರ್ ಯಾವತ್ತೂ ಒಂದೇ ಅಳತೆ ಹೇಳುವುದಿಲ್ಲ. ನಿಜ 50 ಇದ್ದಾಗ ಒಂದಕ್ಕೆ 49.995 ಕಾಣುತ್ತದೆ, ಇನ್ನೊಂದಕ್ಕೆ 50.005. ಮೊದಲನೆಯದು 'ಕಮ್ಮಿ ಇದೆ' ಅಂತ ತನ್ನ ಸೆಟ್ ಪಾಯಿಂಟ್ (ಲೋಡ್ ಇಲ್ಲದಾಗಿನ ಫ್ರೀಕ್ವೆನ್ಸಿಯ ಗುರಿ) ಏರಿಸುತ್ತದೆ, ಎರಡನೆಯದು 'ಜಾಸ್ತಿ ಇದೆ' ಅಂತ ಇಳಿಸುತ್ತದೆ. ಫ್ರೀಕ್ವೆನ್ಸಿ ಅಲ್ಲೇ ನಿಂತಿರುತ್ತದೆ, ಹಾಗಾಗಿ ಇಬ್ಬರಿಗೂ ಸಮಾಧಾನವಿಲ್ಲ. ಮತ್ತೆ ಏರಿಸು, ಮತ್ತೆ ಇಳಿಸು. ನನ್ನ ಡ್ರೂಪಿನಲ್ಲಿ ಸೆಟ್ ಪಾಯಿಂಟ್ 0.01 ಹರ್ಟ್ಸ್ ಸರಿದರೆ ಏರಿಸಿದವರ ಮೇಲೆ ಅರ್ಧ ಕಿಲೋವ್ಯಾಟ್ ಹೆಚ್ಚು, ಇಳಿಸಿದವರ ಮೇಲೆ ಅಷ್ಟೇ ಕಮ್ಮಿ. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯರಾತ್ರಿಗೆ ಮೊದಲನೆಯದು 30 ಕಿಲೋವ್ಯಾಟ್ ಕೊಡುತ್ತಿತ್ತು. ಅದರಲ್ಲಿ 12 ತೋಟಕ್ಕೆ, 18 ಪಕ್ಕದ ಬ್ಯಾಟರಿಗೆ! ಡಿಸ್ಪ್ಲೇ ಮಾತ್ರ ಚೊಕ್ಕವಾಗಿ 50.00.

ಆ ಬ್ಯಾಟರಿ ತುಂಬಿ ತಾನೇ ಕಟ್ ಆಯಿತು. ಇನ್ನೊಂದು ಬೆಳಗಿನ ಜಾವಕ್ಕೆ ಖಾಲಿ. ಎರಡೂ ಬ್ಯಾಟರಿಯ ಚಾರ್ಜಿನ ಸರಾಸರಿ ನೋಡಿಕೊಂಡು ಕೂತಿದ್ದ ತೋಟದ ಜನರೇಟರ್ ಕೂಡ ಏಳಲಿಲ್ಲ. ತುಂಬಿದ ಬ್ಯಾಟರಿ ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ. ಹೊರಗೆ ಸುರಿಯುವ ಮಳೆ, ಪಕ್ಕದಲ್ಲಿ ಲೆಕ್ಕಪತ್ರ ನೋಡುವ ತೋಟದ ರೈಟರ್. "ಏನ್ ಸಾರ್, ಫುಲ್ ಅಂತ ತೋರಿಸ್ತಿದೆಯಲ್ಲ?"

ಅದಕ್ಕೇ ಹೇಳುತ್ತಿರುವುದು, ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಕ್ಷಣಕ್ಷಣದ ಲೋಡ್ ಹಂಚಿಕೆಯನ್ನು ಡ್ರೂಪಿಗೇ ಬಿಡಿ. 50ಕ್ಕೆ ತರುವ ಕೆಲಸ ನಿಧಾನದ್ದು. ಅದಕ್ಕೆ ಪ್ರತಿ ಇನ್ವರ್ಟರ್ ತಾನು ಶೇಕಡಾ ಎಷ್ಟು ಹೊತ್ತಿದ್ದೇನೆ ಅಂತ ಪಕ್ಕದವರಿಗೆ ಸೆಕೆಂಡಿಗೊಮ್ಮೆ ಹೇಳಿದರೆ ಸಾಕು. ಪಕ್ಕದವರಿಗಿಂತ ಜಾಸ್ತಿ ಹೊತ್ತಿದ್ದರೆ ಸೆಟ್ ಪಾಯಿಂಟ್ ತುಸು ಇಳಿಸಬೇಕು, ಕಮ್ಮಿ ಇದ್ದರೆ ಏರಿಸಬೇಕು. ಅಷ್ಟಕ್ಕೆ ಸಾದಾ ತಾಮ್ರದ ತಂತಿ ಧಾರಾಳ. ಮಾತು ನಿಂತರೆ ತಿದ್ದುವ ಕೆಲಸವೂ ಅಲ್ಲೇ ನಿಲ್ಲಬೇಕು. ಒಬ್ಬೊಬ್ಬರೇ ತಿದ್ದುತ್ತಾ ಹೋದರೆ ನನ್ನ ಕಥೆಯೇ.

ಫೈಬರ್ ಕೊಟೇಶನ್ ತರಿಸುವ ಮುಂಚೆ ಒಂದು ಭಾನುವಾರ ಹೊರಗಿನ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್‌ಗಳು ಮಾತಾಡುವ, ಈಗಿರುವ ಕೇಬಲ್ ಕಿತ್ತು (ಕರೆಂಟಿನದ್ದಲ್ಲ), ಇಡೀ ರಾತ್ರಿ ನಡೆಸಿ. ಫ್ರೀಕ್ವೆನ್ಸಿ ನೋಡಬೇಡಿ. ನಾಲ್ಕೂ ಬ್ಯಾಟರಿಯ ಚಾರ್ಜ್ ಎಷ್ಟೆಷ್ಟಿದೆ ಅಂತ ಗಂಟೆಗೊಮ್ಮೆ ಬರೆದಿಡಿ.