ಮೆಡಿಕಲ್ ಬೋರ್ಡ್ ಬೇಡ ಎಂದದ್ದನ್ನು ಕಮಾಂಡರ್ ಮಾಡಿಸಬಹುದೇ?

ಪ್ರಶ್ನೆ: ನನ್ನ ತಮ್ಮ ಭೂಸೇನೆಯ ಪದಾತಿ ದಳದಲ್ಲಿ ನಾಯಕ್. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿದೆ. ಬೋರ್ಡ್ ಅವನಿಗೆ ಎ3, ಟಿ-24 ಕೊಟ್ಟು ಓಡಬಾರದು, ಜಿಗಿಯಬಾರದು, ಭಾರ ಹೊರಬಾರದು ಎಂದು ಬರೆದಿದೆ. ಯೂನಿಟ್‌ಗೆ ಮರಳಿದ ಮೇಲೆ ರಾತ್ರಿ ಸಂತ್ರಿ ಡ್ಯೂಟಿ ಹಾಕುತ್ತಾರೆ, ಲಾರಿಗೆ ಸಾಮಾನು ತುಂಬಿಸುತ್ತಾರೆ, ಈಗ ಬಿಪಿಇಟಿ (ಯುದ್ಧಕ್ಕೆ ಬೇಕಾದ ದೈಹಿಕ ಸಾಮರ್ಥ್ಯದ ಪರೀಕ್ಷೆ) ಓಟದ ಅಭ್ಯಾಸಕ್ಕೂ ಕರೆದಿದ್ದಾರೆ. ‘ಡಾಕ್ಟರದ್ದು ಸಲಹೆ, ಆರ್ಡರ್ ನಮ್ಮದು’ ಎನ್ನುತ್ತಾರಂತೆ. ಹೌದೇ? ಅವನು ‘ಆಗಲ್ಲ’ ಎನ್ನಬಹುದೇ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಆ ಮಾತು ಅರ್ಧ ಮಾತ್ರ ನಿಜ. ನಿಮ್ಮ ತಮ್ಮನನ್ನು ಎಲ್ಲಿಗೆ, ಯಾವ ಕೆಲಸಕ್ಕೆ ಹಾಕಬೇಕು ಎಂಬುದು ಕಮಾಂಡರ್ ಕೈಯಲ್ಲಿದೆ. ಆ ಕೆಲಸದಲ್ಲಿ ಅವರ ಕಾಲು ಏನೇನು ಮಾಡಬಾರದು ಎಂಬುದನ್ನು ಹೇಳುವುದು ಬೋರ್ಡ್. ಕೆಟಗರಿ ಏರಿಸುವ, ಇಳಿಸುವ, ನಿರ್ಬಂಧ ಅಳಿಸುವ ಅಧಿಕಾರ ಕಮಾಂಡರ್‌ಗೆ ಇಲ್ಲ. ‘ಇವನಿಗೆ ಗುಣವಾಗಿದೆ’ ಎಂದು ಅವರಿಗೆ ಅನ್ನಿಸಿದರೆ ಮರುಪರೀಕ್ಷೆಗೆ ಕಳಿಸಬಹುದು. ಓಡಿಸಿ ನೋಡುವ ಹಾಗಿಲ್ಲ.

ಮೊದಲು ಬೋರ್ಡ್‌ನ ಬರಹವನ್ನು ಸಾಲು ಸಾಲಾಗಿ ಓದಿ. ‘ಶೇಪ್’ ಪದ್ಧತಿಯಲ್ಲಿ ಎಸ್ ಮನಸ್ಸಿಗೆ, ಎಚ್ ಕಿವಿಗೆ, ಎ ಕೈಕಾಲಿಗೆ, ಪಿ ದೇಹಶಕ್ತಿಗೆ, ಇ ಕಣ್ಣಿಗೆ. ಅಂಕಿ 1 ಇದ್ದರೆ ಎಲ್ಲ ಕಡೆಗೂ, ಎಲ್ಲ ಕೆಲಸಕ್ಕೂ ಸೈ. 5 ಎಂದರೆ ಸೇವೆಗೆ ಶಾಶ್ವತವಾಗಿ ಅನರ್ಹ. ಎ3 ಎಂದರೆ ಕೈಕಾಲಿಗೆ ಸಂಬಂಧಿಸಿ ದೊಡ್ಡ ಮಿತಿಗಳಿವೆ ಎಂದರ್ಥ. ಟಿ-24 ಎಂದರೆ ಅದು ತಾತ್ಕಾಲಿಕ, 24 ವಾರಕ್ಕೆ ಮತ್ತೆ ನೋಡುತ್ತಾರೆ. ಆದರೆ ಅಂಕಿಗಿಂತ ಮುಖ್ಯವಾದದ್ದು ಕೆಳಗೆ ಮಾತಿನಲ್ಲಿ ಬರೆದ ನಿರ್ಬಂಧ. ದಿನಬಳಕೆಗೆ ಬರುವುದು ಅದೇ.

ಬಿಪಿಇಟಿಯಲ್ಲಿ 5 ಕಿ.ಮೀ. ಓಟವಿದೆ, ಅದೂ ರೈಫಲ್ ಹಿಡಿದು, ಬೆನ್ನಿಗೆ ಭಾರ ಕಟ್ಟಿಕೊಂಡು. ಜೊತೆಗೆ ಹಗ್ಗ ಹತ್ತುವುದು, 9 ಅಡಿ ಹಳ್ಳ ಜಿಗಿಯುವುದು. ಬೋರ್ಡ್ ಬೇಡ ಎಂದ ಮೂರೂ ಇಲ್ಲಿ ಒಟ್ಟಿಗೇ ಬರುತ್ತವೆ. ಇದು ಮಾಡಿಸುವಂಥದ್ದಲ್ಲ. ಲಾರಿಗೆ ಸಾಮಾನು ತುಂಬುವುದೂ ಅಷ್ಟೇ. ಸಂತ್ರಿ ಡ್ಯೂಟಿಯ ಮಾತು ಬೇರೆ. ‘ಹೆಚ್ಚು ಹೊತ್ತು ನಿಲ್ಲಬಾರದು’ ಎಂದು ಬರೆದಿಲ್ಲವಾದರೆ ಸಂತ್ರಿಗೆ ಹಾಕುವುದು ತಪ್ಪಲ್ಲ, ನಿಮ್ಮ ತಮ್ಮ ಮಾಡಬೇಕು. ನಿಂತು ನಿಂತು ಮೊಣಕಾಲು ಊದುತ್ತಿದ್ದರೆ ಅದನ್ನು ಯೂನಿಟ್‌ನ ವೈದ್ಯಾಧಿಕಾರಿಗೆ, ಅಂದರೆ ಆರ್‌ಎಂಒಗೆ, ತೋರಿಸಿ ಬರೆಸಿಕೊಳ್ಳಬೇಕು.

ಬಹಳ ಜಗಳ ಹುಟ್ಟುವುದು ಅಸ್ಪಷ್ಟ ಬರಹದಿಂದ. ‘ಲೈಟ್ ಡ್ಯೂಟಿ’ ಎಂದಷ್ಟೇ ಬರೆದರೆ ಒಬ್ಬರಿಗೆ ಅದು ಆಫೀಸಿನ ಕೆಲಸ, ಇನ್ನೊಬ್ಬರಿಗೆ ಕುಕ್‌ಹೌಸ್‌ನಲ್ಲಿ ಹಂಡೆ ಎತ್ತುವುದು. ಎಷ್ಟು ಕಿಲೋ, ಎಷ್ಟು ಹೊತ್ತು, ಎಷ್ಟು ದೂರ ಎಂದು ಅಳತೆ ಹಾಕಿ ಬರೆಯಿರಿ ಎಂದು ಮುಂದಿನ ಪರೀಕ್ಷೆಯಲ್ಲಿ ತಜ್ಞ ವೈದ್ಯರನ್ನು ಕೇಳಲು ಹೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆ ಬರೆದರೆ ಕಂಪನಿ ಕಮಾಂಡರ್‌ಗೂ ಕೆಲಸ ಹಂಚುವುದು ಸುಲಭ.

ಇನ್ನೊಂದು ಕಾರಣ ತೀರಾ ಸಣ್ಣದು, ಆದರೆ ಆಗಾಗ ಕಾಣುವಂಥದ್ದು. ಬೋರ್ಡ್‌ನ ಕಾಗದ, ಅಂದರೆ ಎಎಫ್‌ಎಂಎಸ್‌ಎಫ್-15, ಆಸ್ಪತ್ರೆಯಿಂದ ಬಂದು ಆಫೀಸಿನ ಫೈಲ್‌ನಲ್ಲೇ ಕುಳಿತಿರುತ್ತದೆ. ಕೆಟಗರಿ ಪಾರ್ಟ್-2 ಆರ್ಡರ್‌ನಲ್ಲಿ, ಅಂದರೆ ಸೈನಿಕರ ಸೇವಾ ವಿವರ ದಾಖಲಿಸುವ ಯೂನಿಟ್ ಆದೇಶದಲ್ಲಿ, ಪ್ರಕಟವಾಗಿರುವುದಿಲ್ಲ. ಡ್ಯೂಟಿ ಪಟ್ಟಿ ಬರೆಯುವ ಹವಾಲ್ದಾರ್ ಮೇಜರ್‌ಗೆ ಸುದ್ದಿಯೇ ಇರುವುದಿಲ್ಲ. ಆರ್ಡರ್ ಪ್ರಕಟವಾಗಿದೆಯೇ ಎಂದು ಕ್ಲರ್ಕ್ ಬಳಿ ಮೊದಲು ವಿಚಾರಿಸಲಿ, ಅದರ ನಂಬರ್, ತಾರೀಖು ಬರೆದಿಟ್ಟುಕೊಳ್ಳಲಿ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಈಗ ‘ಆಗಲ್ಲ’ ಎನ್ನುವ ವಿಷಯ. ಮೈದಾನದಲ್ಲಿ ಎಲ್ಲರೆದುರು ಹಾಗೆ ಅನ್ನಬಾರದು, ದಯವಿಟ್ಟು ಇದನ್ನು ಅವರಿಗೆ ಒತ್ತಿ ಹೇಳಿ. ಸೇನಾ ಕಾಯ್ದೆ 1950ರ ಸೆಕ್ಷನ್ 41ರಲ್ಲಿ ನ್ಯಾಯಸಮ್ಮತ ಆದೇಶ ಮೀರಿದ್ದಕ್ಕೆ ಶಿಕ್ಷೆಯಿದೆ. ಬೇಕೆಂದೇ ಎದುರು ನಿಂತರೆ 14 ವರ್ಷದವರೆಗೆ ಜೈಲು ಆಗಬಹುದು. ಆದೇಶ ನ್ಯಾಯಸಮ್ಮತವೋ ಅಲ್ಲವೋ ಎಂಬ ವಾದ ಆಮೇಲೆ ಕೋರ್ಟ್‌ ಮಾರ್ಷಲ್‌ನಲ್ಲಿ ನಡೆಯುವಂಥದ್ದು. ಅಲ್ಲಿಯವರೆಗೆ ಆರೋಪಿ ನಿಮ್ಮ ತಮ್ಮನೇ. ಅದರ ಬದಲು, ‘ಸಾಬ್, ನನ್ನ ಬೋರ್ಡ್‌ನಲ್ಲಿ ಓಡಬಾರದು ಎಂದಿದೆ, ಪಾರ್ಟ್-2 ಆರ್ಡರ್ ಇದು, ಬೇರೆ ಕೆಲಸ ಕೊಡಿ ಮಾಡುತ್ತೇನೆ’ ಎಂದು ಆರ್ಡರ್ ತೋರಿಸಿ ಹೇಳಲಿ. ‘ಬೇರೆ ಕೆಲಸ ಕೊಡಿ’ ಎಂಬ ಮಾತು ಬಿಡಬಾರದು. ಕೆಲಸಗಳ್ಳತನದ ಆಪಾದನೆಗೆ ಅದೇ ಉತ್ತರ. ರೋಗದ ನಟನೆ ಸೆಕ್ಷನ್ 46ರ ಕೆಳಗೆ ಅಪರಾಧ, 7 ವರ್ಷದವರೆಗೆ ಶಿಕ್ಷೆ ಇದೆ. ಹಾಗಾಗಿ ನಿರ್ಬಂಧದ ಒಳಗಿನ ಕೆಲಸವನ್ನು, ಕೋತ್‌ನ (ಆಯುಧಗಳ ಕೋಣೆಯ) ಲೆಕ್ಕವೋ, ರೇಡಿಯೋ ಸೆಟ್ಟೋ, ಸ್ಟೋರೋ, ಚೊಕ್ಕವಾಗಿ ಮಾಡಿರಬೇಕು.

ಅಷ್ಟಾದರೂ ಓಡಿಸಿದರೆ, ನೋವು ಬಂದರೆ, ಅದೇ ದಿನ ಸಿಕ್ ರಿಪೋರ್ಟ್ ಮಾಡಲಿ. ‘ಮೊಣಕಾಲು ನೋವು’ ಎಂದಷ್ಟೇ ಹೇಳಿದರೆ ಸಾಲದು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಕೆಲಸ ಮಾಡುವಾಗ ಬಂತು ಎಂದು ಆರ್‌ಎಂಒ ಪುಸ್ತಕದಲ್ಲಿ ಬರೆಯುವಂತೆ ಕೇಳಲಿ. ಹೊಸ ಪೆಟ್ಟಾದರೆ ಗಾಯದ ವರದಿ, ಐಎಎಫ್‌ವೈ-2006, ತುಂಬಿಸಲೇಬೇಕು. ಮುಂದೆ ಎಂದಾದರೂ ಅಂಗವೈಕಲ್ಯ ಪಿಂಚಣಿಯ ಪ್ರಶ್ನೆ ಬಂದಾಗ ‘ಸೇವೆಯಿಂದ ಹೆಚ್ಚಾಯಿತು’ ಎನ್ನಲು ಇಂಥ ಕಾಗದ ಬೇಕು. ಎಂಟು ವರ್ಷ ಕಳೆದ ಮೇಲೆ ಬಾಯಿಮಾತು ನಿಲ್ಲುವುದಿಲ್ಲ.

ದೂರಿನ ದಾರಿ ಸೇನಾ ಕಾಯ್ದೆಯ ಸೆಕ್ಷನ್ 26. ಅಧಿಕಾರಿ ಅಲ್ಲದವರು ತಮ್ಮ ಕಂಪನಿ ಕಮಾಂಡರ್‌ಗೆ ದೂರು ಕೊಡಬೇಕು. ದೂರು ಅವರ ಮೇಲೆಯೇ ಆದರೆ ಅವರ ಮೇಲಿನವರಿಗೆ. ದೂರು ಪಡೆದವರು ವಿಚಾರಣೆ ಮಾಡಲೇಬೇಕು. ಬರಹದಲ್ಲಿ ಬೋರ್ಡ್‌ನ ತಾರೀಖು, ನಿರ್ಬಂಧದ ಸಾಲು, ಯಾವ ದಿನ ಏನು ಮಾಡಿಸಿದರು ಎಂಬುದು ಇದ್ದರೆ ಸಾಕು, ಬೈಗುಳ ಬೇಡ. ಕೊನೆಯ ಮೆಟ್ಟಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಪೀಠ. ಆದರೆ ವರ್ಗಾವಣೆ, ಪೋಸ್ಟಿಂಗ್ ವಿಚಾರವನ್ನು ಆ ಮಂಡಳಿ ಕೇಳುವುದಿಲ್ಲ, 2007ರ ಕಾಯ್ದೆಯೇ ಅದನ್ನು ಹೊರಗಿಟ್ಟಿದೆ.

ಒಂದು ಮಾತು ಕಮಾಂಡರ್ ಪರವಾಗಿಯೂ ಹೇಳಬೇಕು. ಪೋಸ್ಟ್ ಮೇಲೆ ದಾಳಿಯಾದಾಗ ಯಾರೂ ಕೆಟಗರಿ ನೋಡುತ್ತ ಕೂರುವುದಿಲ್ಲ, ಆಗ ನಿಮ್ಮ ತಮ್ಮನೂ ಓಡುತ್ತಾರೆ. ಆದರೆ ತಿಂಗಳ ಮೊದಲೇ ತಾರೀಖು ಗೊತ್ತಿರುವ ಬಿಪಿಇಟಿ ಅಂಥ ತುರ್ತಲ್ಲ.

ಪ್ರಶ್ನೆ: ಲೋ ಮೆಡಿಕಲ್ ಕೆಟಗರಿ ಶಾಶ್ವತವಾದರೆ ಸಿಒ (ಕಮಾಂಡಿಂಗ್ ಆಫೀಸರ್) ಮನೆಗೆ ಕಳಿಸಿಬಿಡಬಹುದೇ?
– ಓದುಗರು, ಕೊಡಗು

ಉತ್ತರ: ಸಿಒ ಒಬ್ಬರ ಮಾತಿನ ಮೇಲೆ ಆಗದು. ಹೃದಯದ ತೊಂದರೆಯಿಂದ ಶಾಶ್ವತ ಕೆಳ ಕೆಟಗರಿಗೆ ಬಂದ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಒಬ್ಬರನ್ನು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ (ಸೇವೆಗೆ ಅನರ್ಹರೇ ಎಂದು ನೋಡುವ ಬೋರ್ಡ್) ಇಲ್ಲದೆ ಬಿಡುಗಡೆ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2008ರ ನವೆಂಬರ್‌ನಲ್ಲಿ, ರಾಜಪಾಲ್ ಸಿಂಗ್ ಪ್ರಕರಣದಲ್ಲಿ, ಒಪ್ಪಲಿಲ್ಲ. ಆಮೇಲೆ ಸೇವೆಯಿಂದ ಬಿಡುಗಡೆಯ ಕ್ರಮ ಹೇಳುವ ಸೇನಾ ನಿಯಮ 13ಕ್ಕೆ ತಿದ್ದುಪಡಿಯೂ ಆಗಿದೆ, ಆದ್ದರಿಂದ ನಿಮ್ಮವರ ಆದೇಶದಲ್ಲಿ ಯಾವ ಉಪನಿಯಮ ನಮೂದಿಸಿದ್ದಾರೆ ಎಂಬುದನ್ನು ಮೊದಲು ನೋಡಿ. ಕೆಟಗರಿಗೆ ಹೊಂದುವ ಬದಲಿ ಕೆಲಸ, ಅಂದರೆ ಶೆಲ್ಟರ್ಡ್ ಅಪಾಯಿಂಟ್‌ಮೆಂಟ್, ಇದ್ದರೆ ಉಳಿಸಿಕೊಳ್ಳಬಹುದು. ಷೋಕಾಸ್ ನೋಟಿಸ್ ಬಂದಿದ್ದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ, ತಾವು ಈಗ ಮಾಡುತ್ತಿರುವ ಕೆಲಸಗಳ ಪಟ್ಟಿ ಸಮೇತ, ಉಳಿಯುವ ಇಚ್ಛೆಯನ್ನು ಬರಹದಲ್ಲಿ ಕೊಡಲಿ.