ಮೊದಲ ರೈಫಲ್‌ಗೆ ಯಾವ ಕ್ಯಾಲಿಬರ್?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ಗುರಿ ಅಭ್ಯಾಸಕ್ಕೆಂದು ಕಡಿಮೆ ಬೆಲೆಯ ಸೆಮಿ ಆಟೊಮ್ಯಾಟಿಕ್ ರೈಫಲ್ ಕೊಳ್ಳಬೇಕೆಂದಿದ್ದೇನೆ. .22 ಎಲ್‌ಆರ್ ಮತ್ತು .223 ರೆಮಿಂಗ್ಟನ್ ಎಂಬ ಎರಡು ಕ್ಯಾಲಿಬರ್‌ಗಳಲ್ಲಿ (ಗುಂಡಿನ ಅಳತೆಗಳಲ್ಲಿ) ಯಾವುದು ಸೂಕ್ತ? ಮುಂದೆ ಜಿಂಕೆ ಬೇಟೆಯ ಆಸೆಯೂ ಇದೆ.

ಉತ್ತರ: ರೈಫಲ್‌ನ ಬೆಲೆ ಒಮ್ಮೆ ತೆರುವಂಥದ್ದು, ಗುಂಡಿನ ಖರ್ಚು ನಿರಂತರವಾದದ್ದು, ಆದ್ದರಿಂದ ಅಭ್ಯಾಸವೇ ಮುಖ್ಯ ಉದ್ದೇಶವಾಗಿದ್ದರೆ ಅಗ್ಗದ ಗುಂಡಿನ .22 ಎಲ್‌ಆರ್ ಅನ್ನೇ ಆರಿಸಿಕೊಳ್ಳಿ ಎಂಬುದು ನನ್ನ ದೃಢವಾದ ಸಲಹೆ. 1964ರಲ್ಲಿ ಮಾರುಕಟ್ಟೆಗೆ ಬಂದ ರೂಗರ್ 10/22 ಇಂದಿಗೂ ಈ ವರ್ಗದ ನಂಬಿಕಸ್ಥ ರೈಫಲ್. ಹಿಂದೊದೆತ ಅತ್ಯಲ್ಪವಾಗಿರುವುದರಿಂದ ಹೊಸಬರು ಬೆಚ್ಚದೆ, ಉಸಿರು ಮತ್ತು ಟ್ರಿಗರ್ ಮೇಲಿನ ಹಿಡಿತವನ್ನು ನಿಧಾನವಾಗಿ ಸಾಧಿಸಬಹುದು. ಸಣ್ಣ ಗುಂಡೆಂದು ಹಗುರವಾಗಿ ಕಾಣಬಾರದು, ಅದು ಒಂದು ಮೈಲಿಗಿಂತ ಹೆಚ್ಚು ದೂರ ಹಾರಬಲ್ಲದು.

ಆದರೆ ಟೆಕ್ಸಾಸ್‌ನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ರಿಮ್‌ಫೈರ್ ಗುಂಡುಗಳನ್ನು (ತಳದ ಅಂಚಿಗೆ ಬಡಿದಾಗ ಸಿಡಿಯುವಂಥವು) ಬಳಸುವಂತಿಲ್ಲ; .22 ಎಲ್‌ಆರ್ ಅದೇ ಜಾತಿಯದು. ಬೇಟೆಯ ಆಸೆ ಗಟ್ಟಿಯಾದಾಗ .223 ಅಥವಾ ಅದಕ್ಕಿಂತ ಬಲವಾದ ಸೆಂಟರ್‌ಫೈರ್ (ಗುಂಡಿನ ತಳದ ನಡುವೆ ಬಡಿದು ಸಿಡಿಸುವ) ರೈಫಲ್ ಕೊಳ್ಳಿ. ಆಗ ಬ್ಯಾರೆಲ್ ಮೇಲಿನ ಕೆತ್ತನೆಯನ್ನು ತಪ್ಪದೆ ಓದಿ: .223 ಎಂದಷ್ಟೇ ಇದ್ದರೆ, ನೋಡಲು ಒಂದೇ ತೆರನಾಗಿದ್ದರೂ ಸೇನಾ ಮಾದರಿಯ 5.56 ನ್ಯಾಟೊ ಗುಂಡನ್ನು ಅದರಲ್ಲಿ ಹಾರಿಸಬಾರದು, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.