ಮಗಳಿಗೆ ಕೋಣೆ ಬೇಕು, ರೈಲಿಗೆ ಜಾಗ ಎಲ್ಲಿ?

ಪ್ರಶ್ನೆ: ಹತ್ತು ವರ್ಷದಿಂದ ಒಂದು ಕೋಣೆ ತುಂಬ ಎಚ್‌ಒ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ಮಾದರಿ ರೈಲು ಹಾಕಿಕೊಂಡಿದ್ದೇನೆ. ಮಗಳು ಈಗ ಎಸ್ಸೆಸ್ಸೆಲ್ಸಿ. ಓದಲು ಆ ಕೋಣೆ ಬೇಕು. ಎಲ್ಲ ಮಾರಿಬಿಡಲಾ?
– ಓದುಗರು, ಗದಗ

ಉತ್ತರ: ಕೋಣೆ ಇವತ್ತೇ ಮಗಳಿಗೆ ಕೊಡಿ. ರೈಲು ಮಾತ್ರ ಮಾರಬೇಡಿ. ನಾನು ಮಾರಿದ್ದೆ. ಅಮ್ಮನ ಕಾಯಿಲೆ, ಮನೆ ಸಾಲ ಎರಡೂ ಒಟ್ಟಿಗೆ ಬಂದಿದ್ದವು. ಆ ದುಡ್ಡು ಎರಡೇ ತಿಂಗಳಲ್ಲಿ ಕರಗಿತು. ಅಪ್ಪ ಕೊಡಿಸಿದ್ದ ಕಪ್ಪು ಉಗಿ ಎಂಜಿನ್ ಮಾತ್ರ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ದೊಡ್ಡ ಹಲಗೆ ಬಿಚ್ಚಿ. ಎಂಜಿನ್ ಗಾಲಿಗಳನ್ನು ಒರೆಸಿ, ತೇವ ತಾಗದ ಡಬ್ಬಿಯಲ್ಲಿಡಿ. ಹಾಲ್‌ನ ಗೋಡೆಗೆ ಒಂದಡಿ ಅಗಲ, ನಾಲ್ಕಡಿ ಉದ್ದದ ಹಲಗೆ ಹಾಕಿ ಪುಟ್ಟ ಶಂಟಿಂಗ್ ಯಾರ್ಡ್, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಜೋಡಿಸುವ ಜಾಗ, ಮಾಡಿ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಎರಡು ಪಾಯಿಂಟ್, ಒಂದು ಎಂಜಿನ್, ನಾಲ್ಕು ವ್ಯಾಗನ್ ಸಾಕು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಅಷ್ಟೇ.

ರೈಲನ್ನು ಸುತ್ತು ಹಾಕಿಸಲೇಬೇಕು ಅಂದ್ರೆ ಇನ್ನೂ ಚಿಕ್ಕದಾದ ಎನ್ ಅಳತೆ ಇದೆ. ಎಚ್‌ಒ 1:87, ಎನ್ 1:160. ಹಳಿಯ ಅಗಲ 16.5 ಮಿ.ಮೀ. ಬದಲು ಬರೀ 9. ಧಾರವಾಡದ ನನ್ನ ಮನೆಯಲ್ಲಿ ಅದು ಮಂಚದ ಕೆಳಗೆ ಹಿಡಿಸಿದೆ. ಆದರೆ ನಿಮ್ಮ ಹಳೆ ಎಂಜಿನ್ ಅದರ ಮೇಲೆ ಓಡುವುದಿಲ್ಲ, ನೆನಪಿರಲಿ.

ಪರೀಕ್ಷೆ ಮುಗಿದ ಮೇಲೆ ಮಗಳನ್ನು ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಯಾರ್ಡ್‌ಗೆ ಏನು ಹೆಸರಿಡಬೇಕು ಅಂತ ಅವಳನ್ನೇ ಕೇಳಿ.